ಬಕೆಟ್ಟಿನ ತುಟಿ, ಕೆಳಗಿನ ತಗ್ಗು

ಕಾಳು ಚೆಲ್ಲಿದರೆ ಯಾರಾದರೂ ಒಬ್ಬರು ತಗ್ಗಿಗೆ ಇಳಿಯಬೇಕಾಗುತ್ತದೆ. ಮೂವತ್ತು ವರ್ಷ ನಾನು ಮಾಡಿದ ಕೆಲಸವನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು. ಆದರೂ ಉದ್ದಕ್ಕೆ ಬರೆಯಲು ಕಾರಣವಿದೆ. ಶಿಗ್ಗಾವಿಯ ನಮ್ಮ ವರ್ಕ್‌ಶಾಪಿಗೆ ಡಿಪ್ಲೊಮಾ ಮುಗಿಸಿದ ಮೂವರು ಹೊಸಬರು ಸೇರಿದ್ದಾರೆ. ಕಂಪ್ಯೂಟರಿನಲ್ಲಿ ಬಕೆಟ್ಟಿನ ಚಿತ್ರ ಚೆನ್ನಾಗಿ ತೆಗೆಯುತ್ತಾರೆ. ಚಿತ್ರದಲ್ಲಿ ಕಾಳು ಚೆಲ್ಲುವುದಿಲ್ಲ. ಹೋದ ತಿಂಗಳು ಅವರಲ್ಲಿ ಒಬ್ಬಳು ನನ್ನ ಮನೆಗೆ ಬಂದು, "ಆಯಿ, ಮಶಿನ್ ಸುತ್ತ ನೀವು ಎಷ್ಟ ಜಾಗಾ ಬಿಡತಿದ್ರಿ?" ಎಂದು ಕೇಳಿದಳು. ಹೇಳಿದೆ. "ಅಷ್ಟ್ಯಾಕ?" ಎಂದಳು. ಅದಕ್ಕೆ ಉತ್ತರ ಅರ್ಧ ತಾಸಿನಲ್ಲಿ ಮುಗಿಯಲಿಲ್ಲ. ಚಹಾ ಆರಿತು, ಅವಳ ಬಸ್ಸು ತಪ್ಪಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ತಡಸದ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ, ತಪ್ಪು ಕಂಡರೆ ತಿದ್ದಿಕೊಂಡು ಓದಿರಿ.

ಗೊತ್ತಿಲ್ಲದವರಿಗೆ ಮೊದಲು ಯಂತ್ರ ಯಾವುದೆಂದು ಹೇಳುತ್ತೇನೆ. ನೆಲದ ಮೇಲಿನ ಕಾಳನ್ನು ಎತ್ತರಕ್ಕೆ ಒಯ್ಯುವುದಕ್ಕೆ ಎಲಿವೇಟರ್ ಎನ್ನುತ್ತೇವೆ. ಅಗಲವಾದ ಒಂದು ರಬ್ಬರು ಪಟ್ಟಾ, ಅಂದರೆ ಬೆಲ್ಟು, ಕೆಳಗಿನ ಗಾಲಿಯಿಂದ ಮೇಲಿನ ಗಾಲಿಗೆ ಸುತ್ತುತ್ತಿರುತ್ತದೆ. ಪಟ್ಟಾದ ಮೈತುಂಬ ಸಣ್ಣ ಬಕೆಟ್ಟುಗಳನ್ನು ಬಿಗಿದಿರುತ್ತಾರೆ. ಕೆಳಗೆ ಕಾಳು ತುಂಬಿಕೊಂಡು ಏರುತ್ತವೆ, ಮೇಲೆ ಹೋಗಿ ಸುರಿದು ಬರಿದಾಗಿ ಇಳಿಯುತ್ತವೆ. ಅಷ್ಟೇ. ನೋಡಲು ಸುಲಭ. ಕೆಳಗಿನ ಗಾಲಿ ಇರುವ ಜಾಗ ಸಾಮಾನ್ಯವಾಗಿ ನೆಲಮಟ್ಟಕ್ಕಿಂತ ಕೆಳಗೆ, ಒಂದು ತಗ್ಗಿನಲ್ಲಿರುತ್ತದೆ. ಬಕೆಟ್ಟಿಗೆ ಬೀಳದ ಕಾಳೆಲ್ಲ ಆ ತಗ್ಗಿಗೆ ಬೀಳುತ್ತದೆ.

ನಾನು ಮೊದಲು ಕೆಲಸಕ್ಕೆ ಹೋದದ್ದು ಹಾನಗಲ್ಲಿನ ಒಂದು ಅಕ್ಕಿ ಗಿರಣಿಗೆ, ಕಸ ಹೊಡೆಯಲು. ಗಂಡ ಸತ್ತಿದ್ದ, ಎರಡು ಮಕ್ಕಳಿದ್ದವು. ಅದನ್ನು ಬರೆಯುತ್ತ ಕೂರುವುದಿಲ್ಲ. ನನ್ನ ಜೊತೆಗೆ ಇದ್ದವಳು ದುಂಡಸಿಯ ಫಕ್ಕೀರವ್ವ. ನನ್ನ ವಾರಿಗೆಯವಳು, ಬಾಯಿ ಮಾತ್ರ ನನಗಿಂತ ಎರಡು ಪಟ್ಟು. ತಗ್ಗಿಗೆ ಇಳಿದು ಭತ್ತ ಬಳಿದು ಬುಟ್ಟಿಗೆ ತುಂಬುವುದು ನಮ್ಮ ಕೆಲಸ. ಒಬ್ಬರಿಗೇ ಜಾಗ, ಅದಕ್ಕೆ ಪಾಳಿ ಮಾಡಿಕೊಂಡಿದ್ದೆವು: ಒಂದು ದಿನ ಅವಳು, ಒಂದು ದಿನ ನಾನು. ಯಂತ್ರ ನಿಲ್ಲಿಸುವಂತಿರಲಿಲ್ಲ. ತುಂಬಿದ ಪಟ್ಟಾ ನಿಂತರೆ ಏರಿದ ಕಾಳೆಲ್ಲ ಬುಡಕ್ಕೆ ಜರಿದು ಕಟ್ಟಿಕೊಳ್ಳುತ್ತದೆ, ಮತ್ತೆ ಬಿಡಿಸಲು ಅರ್ಧ ದಿನ ಬೇಕು. ಹಾಗಾಗಿ ಗಾಲಿ ತಿರುಗುತ್ತಿರುವಾಗಲೇ ಅದಕ್ಕೂ ಗೋಡೆಗೂ ನಡುವಿನ ಮೊಳದಗಲ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಳಿಯುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಕಟ್ಟಿ ಇಳಿಯುವುದು. ಬಳೆ ತೆಗೆದಿಟ್ಟು ಇಳಿಯುವುದು. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಹೆದರಿಕೆಯೇ ಕಲಿಸಿತು.

ಆ ದಿನ ಪಾಳಿ ನನ್ನದು. ನಾನು ಊಟಕ್ಕೆ ಕುಳಿತಿದ್ದೆ.

"ನೀಲವ್ವಾ, ಏಳಬೇ. ತಗ್ಗ ತುಂಬಾಕತ್ತೈತಿ," ಎಂದಳು ಫಕ್ಕೀರವ್ವ.

"ರೊಟ್ಟಿ ಬಾಯಾಗೈತಿ, ಈಗ ಬಂದೆ."

"ನೀ ರೊಟ್ಟಿ ನುಂಗೂತನಕ ಸುಗ್ಗಿ ಮುಗೀತೈತಿ. ಕುಂದ್ರ, ನಾನ ಇಳೀತೇನಿ. ನಾಳೆ ನೀ ಎರಡ ಸರ್ತಿ ಇಳಿ."

ಇಳಿದಳು. ನಾನು ಎರಡನೇ ರೊಟ್ಟಿಗೆ ಕೈ ಹಾಕಿದ್ದೆ. ಕೂಗು ಕೇಳಿಸಿತು. ಓಡಿಹೋದೆ. ಗೋಡೆಯ ಮೇಲೆ ಮೂರು ಹಿಡಿಕೆಗಳಿದ್ದವು, ಮೂರೂ ಒಂದೇ ಬಣ್ಣದವು. ಎರಡು ವರ್ಷ ಅವುಗಳ ಕೆಳಗೆ ಕಸ ಹೊಡೆದಿದ್ದೆ, ಯಾವುದು ಯಾವುದರದೆಂದು ಕೇಳಿರಲಿಲ್ಲ. ಒಂದನ್ನು ಎಳೆದೆ, ದೀಪ ಹೋಯಿತು. ಇನ್ನೊಂದನ್ನು ಎಳೆದೆ, ಹೊಟ್ಟು ತೂರುವ ಫ್ಯಾನು ನಿಂತಿತು. ಮೂರನೆಯದಕ್ಕೆ ಪಟ್ಟಾ ನಿಂತಿತು. ಅಷ್ಟು ಹೊತ್ತಿನಲ್ಲಿ ಫಕ್ಕೀರವ್ವನ ಬಲಗೈಯ ಎರಡು ಬೆರಳು ಹೋಗಿದ್ದವು.

ಗಿರಣಿಯ ಯಜಮಾನ ಓಡಿ ಬಂದು ಮೊದಲು ಕೇಳಿದ್ದು, "ಮಶಿನ್ ಯಾರ ಬಂದ್ ಮಾಡಿದ್ರು?" ಎಂದು.

ದವಾಖಾನೆಯಲ್ಲಿ ನಾನು ಅಳುತ್ತ ಕುಳಿತಿದ್ದಕ್ಕೆ ಫಕ್ಕೀರವ್ವನೇ ಬೈದಳು. "ಅಳಬ್ಯಾಡಬೇ, ತಲಿನೋವ ಬರ್ತೈತಿ. ಮೂರ ಉಳದಾವಲ್ಲ. ಸಾರಿಗೆ ಉಪ್ಪ ಹಾಕಾಕ ಮೂರ ಬೆರಳ ಸಾಕ." ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಪಾಳಿ ನನ್ನದಾಗಿತ್ತೆಂದು ಆ ದಿನದಿಂದ ಇವತ್ತಿನವರೆಗೆ ಅವಳು ಬಾಯಿ ಬಿಟ್ಟು ಹೇಳಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸಬರು ಇದನ್ನು ಕೇಳಿರಿ. ಯಾವ ಯಂತ್ರದ ಹತ್ತಿರ ಹೋದರೂ ಮೊದಲು ನಿಲ್ಲಿಸುವ ಹಿಡಿಕೆ ಯಾವುದೆಂದು ಕೇಳಿ. ಕಸ ಹೊಡೆಯುವವರಿಗೂ ಅದು ಗೊತ್ತಿದೆಯೋ ಎಂದು ಕೇಳಿ. ನಾನು ಕೆಲಸಕ್ಕೆ ಹೋದ ಗಿರಣಿಗಳಿಗೆಲ್ಲ ಕೆಂಪು ಬಣ್ಣದ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಯಜಮಾನರನ್ನು ಕೇಳದೆ ನಿಲ್ಲಿಸುವ ಹಿಡಿಕೆಗೆ ಬಳಿದುಬಿಡುತ್ತಿದ್ದೆ.

ಎರಡು ತಿಂಗಳ ಮೇಲೆ ಆ ಎಲಿವೇಟರನ್ನು ದುರಸ್ತಿ ಮಾಡಲು ಶಿಗ್ಗಾವಿಯಿಂದ ದಾವಲಸಾಬ್ ಮಿಸ್ತ್ರಿ ಬಂದರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ದಪ್ಪ ಕನ್ನಡಕ, ಕಿವಿಯ ಮೇಲೊಂದು ಸುಣ್ಣದ ಕಡ್ಡಿ. ಬುಡ ಬಿಚ್ಚಿ ಒಂದು ತಾಸು ನೋಡಿದರು. ನಾನು ಕಸಬರಿಗೆ ಹಿಡಿದು ನಿಂತಿದ್ದೆ. ತಡೆಯಲಾಗಲಿಲ್ಲ.

"ಚಾಚಾ, ಬುಡದಾಗೇನೂ ಇಲ್ರೀ. ಕಾಳ ಮ್ಯಾಲಿಂದ ಬೀಳಾಕತ್ತಾವು."

"ನೀ ಯಾವಾಗ ಮ್ಯಾಲ ಹತ್ತಿ ನೋಡಿದಿಬೇ?"

"ಹತ್ತೂದ್ಯಾಕ? ಬುಡದಾಗ ಚೆಲ್ಲಿದ್ದ ಕಾಳಿಗೆ ಎಣ್ಣಿ ಹತ್ತಿರತೈತಿ, ಒಡದಿರತೈತಿ. ಇವು ನೋಡ್ರಿ, ಸ್ವಚ್ಛ ಅದಾವು. ಮತ್ತ ಅಲ್ಲಿ ಗ್ವಾಡಿತನಕ ಸಿಡದಾವು. ಎತ್ತರದಿಂದ ಬಿದ್ದದ್ದ ಅಷ್ಟ ದೂರ ಸಿಡೀತೈತಿ."

ಚಾಚಾ ನೆಲವನ್ನು ನೋಡಿದರು, ನನ್ನನ್ನು ನೋಡಿದರು. ಏಣಿ ಹಾಕಿ ಮೇಲೆ ಹೋದರು. ಮೇಲಿನ ಗಾಲಿಯ ಮುಂದಿನ ತಗಡು ಸವೆದು ಅಂಗೈಯಗಲ ಕಿಂಡಿಯಾಗಿತ್ತು. ಇಳಿದು ಬಂದು, "ವರ್ಕ್‌ಶಾಪಿಗೆ ಬರ್ತೀಯೇನ? ಕಸಾ ಹೊಡಿಯಾಕಲ್ಲ," ಎಂದರು. ಫಕ್ಕೀರವ್ವನ ಬೆರಳಿಗೆ ಆ ಕಿಂಡಿ ಕಾರಣವೆಂದು ನನಗೆ ಆಗಲೇ ಹೊಳೆದಿತ್ತು. ಕಾಳು ಚೆಲ್ಲದಿದ್ದರೆ ಅವಳು ಇಳಿಯುತ್ತಿರಲಿಲ್ಲ. ಹೋದೆ.

ವರ್ಕ್‌ಶಾಪಿನಲ್ಲಿ ಕೈಗೆ ಪಾನಾ ಕೊಟ್ಟು ಪಟ್ಟಾಕ್ಕೆ ಬಕೆಟ್ಟು ಬಿಗಿಯಲು ಕೂರಿಸಿದರು. ಆಗ ಬಕೆಟ್ಟುಗಳನ್ನು ತಗಡಿನಲ್ಲಿ ನಾವೇ ಮಡಿಚಿ ಮಾಡುತ್ತಿದ್ದೆವು. ಬಕೆಟ್ಟಿನ ಅಂಚಿಗೆ ತುಟಿ ಎನ್ನುತ್ತಿದ್ದೆವು. ತುಟಿ ಗಿಡ್ಡವಾದರೆ ಕಾಳು ತುಂಬಿಕೊಳ್ಳುವುದಿಲ್ಲ, ಉದ್ದವಾದರೆ ಸುರಿಯುವಾಗ ಅಂಟಿಕೊಂಡು ಕೆಳಗೆ ಬರುತ್ತದೆ. ಚಾಚಾ ಅಳತೆಯ ಪಟ್ಟಿ ಹಿಡಿಯುತ್ತಿದ್ದರು. ನಾನು ಹೊಸ ಯಂತ್ರದ ಕೆಳಗೆ ಗೋಣಿಚೀಲ ಹಾಸಿ, ಏನು ಬಿತ್ತು, ಎಲ್ಲಿ ಬಿತ್ತು, ಒಡೆದದ್ದೋ ಇಡಿಯೋ ಎಂದು ಓದುತ್ತಿದ್ದೆ. ಹತ್ತು ವರ್ಷದಲ್ಲಿ ಇಬ್ಬರ ಲೆಕ್ಕವೂ ಒಂದೇ ಕಡೆ ಬಂದು ನಿಲ್ಲತೊಡಗಿತು.

ಆದರೆ ತಪ್ಪೂ ಮಾಡಿದೆ. ಸವಣೂರಿನ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಗೋವಿನಜೋಳ ಏರಿಸುವ ಯಂತ್ರ ಕೂರಿಸಬೇಕಿತ್ತು. ಚಾಚಾಗೆ ಜ್ವರ. ನಾನೊಬ್ಬಳೇ ಹೋದೆ. ವ್ಯಾಪಾರಿ, "ಲಗೂ ಏರಬೇಕ್ರಿ, ಲಾರಿ ನಿಂತಾವು," ಎಂದ. ನಾನು ಗಾಲಿ ಬದಲಿಸಿ ಪಟ್ಟಾದ ವೇಗ ಹೆಚ್ಚಿಸಿದೆ. ಕಾಳು ಏರಿತು, ಆದರೆ ಹೊರಹೋಗುವ ಬಾಯಿಗೆ ಬೀಳಲಿಲ್ಲ. ವೇಗಕ್ಕೆ ಹಾರಿ ಮೇಲಿನ ಮುಚ್ಚಳಕ್ಕೆ ಬಡಿದು, ಯಂತ್ರದ ಹೊಟ್ಟೆಯೊಳಗಿಂದಲೇ ವಾಪಸು ಬುಡಕ್ಕೆ ಬಿತ್ತು. ಹೊರಗೆ ಒಂದು ಕಾಳೂ ಚೆಲ್ಲಿಲ್ಲವೆಂದು ನಾನು ಹಿಗ್ಗುತ್ತಿದ್ದೆ. ಬುಡ ತುಂಬಿ, ಪಟ್ಟಾ ಉಜ್ಜಿ, ರಬ್ಬರು ಸುಟ್ಟ ವಾಸನೆ ಬಂದ ಮೇಲೆ ನಿಲ್ಲಿಸಿದೆ. ಇಬ್ಬರು ಹಮಾಲರು ತಗ್ಗಿಗೆ ಇಳಿದು ಬುಡ ಖಾಲಿ ಮಾಡಿದರು. ಅವರು ಮೇಲೆ ಬರುವವರೆಗೆ ನಾನು ಹಿಡಿಕೆಗೆ ಬೆನ್ನು ಕೊಟ್ಟು, ಯಾರೂ ಮುಟ್ಟದಂತೆ ನಿಂತಿದ್ದೆ.

ಚಾಚಾ ಕೇಳಿ ನಕ್ಕರು. "ಕಾಳ ಒಯ್ಯಿ ಅಂದಿದ್ದೆ. ಒಗಿ ಅಂತ ಯಾರ ಹೇಳಿದ್ರಬೇ ನಿನಗ?"

ಆ ದಿನ ಬುಡ ಖಾಲಿಯಾಗುವುದನ್ನು ಕಾದು ಹೊರಗೆ ಬಂದಾಗ ಎದುರಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ವೀಳ್ಯದೆಲೆ ಜೋಡಿಸುತ್ತಿದ್ದಳು. ಒಂದು ಎಲೆಯ ಮೇಲೆ ಇನ್ನೊಂದರ ಅಂಚು, ಅದರ ಮೇಲೆ ಮತ್ತೊಂದರದು. ಮೇಲೆ ನೀರು ಚಿಮುಕಿಸಿದಳು. ಒಂದು ಹನಿಯೂ ಎಲೆಗಳ ನಡುವೆ ಇಳಿಯಲಿಲ್ಲ, ಜಾರಿ ಜಾರಿ ಮುಂದೆ ಹೋಯಿತು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಅದೇ ನನ್ನನ್ನು ಹಳ್ಳಕ್ಕೆ ದೂಡಿತು.

ನಡುವಿನ ವರ್ಷಗಳನ್ನು ಬಿಡುತ್ತೇನೆ. ತಗಡಿನ ಬಕೆಟ್ಟು ಹೋಗಿ ಪ್ಲಾಸ್ಟಿಕ್ಕಿನದು ಬಂತು, ಸುಣ್ಣದ ಕಡ್ಡಿ ಹೋಗಿ ಕಂಪ್ಯೂಟರು ಬಂತು. ಚಾಚಾನ ಕಣ್ಣು ಮಂಜಾಯಿತು. ಅವರು ಕುರ್ಚಿಯಲ್ಲಿ ಕುಳಿತು ಬೆರಳಿನಿಂದ ಮುಟ್ಟಿ ಬೆಸುಗೆ ಸರಿಯಿದೆಯೋ ಎಂದು ಹೇಳುತ್ತಿದ್ದರು. ಕೆಲಸ ನನ್ನ ಮೇಲೆ ಬಿದ್ದಿತ್ತು.

ಆಗ ಬಂದದ್ದು ಹಿರೇಕೆರೂರಿನ ಕಡೆಯ ಕೆಲಸ. ಗೋವಿನಜೋಳದ ಬಿತ್ತನೆ ಬೀಜವನ್ನು ಒಣಗಿಸುವ ಹೊಸ ಘಟಕ. ಬೀಜ ಒಡೆಯಬಾರದು, ಹಾಗಾಗಿ ವೇಗದ ಪಟ್ಟಾ ನಡೆಯುವುದಿಲ್ಲ. ನಿಧಾನವಾಗಿ ಹರಿಯುವ ಎರಡು ಚೈನುಗಳ ನಡುವೆ ದೊಡ್ಡ ಬಕೆಟ್ಟುಗಳನ್ನು ತೊಟ್ಟಿಲಿನಂತೆ ನೇತುಹಾಕಬೇಕು. ಅವು ನೆಲದ ಮೇಲೆ ಸಾಲಾಗಿ ಸಾಗುತ್ತ ತುಂಬಿಕೊಳ್ಳಬೇಕು, ಎತ್ತರಕ್ಕೆ ಏರಬೇಕು, ಮೇಲೆ ಹಿಂದಕ್ಕೆ ಸಾಗಿ ಒಣಗಿಸುವ ಗೂಡಿಗೆ ಸುರಿಯಬೇಕು, ಮತ್ತೆ ಇಳಿದು ಬರಬೇಕು. ಬೀಜ ಸುರಿಯುವ ಬಾಯಿಯನ್ನು ಮುಚ್ಚುವಂತಿಲ್ಲ, ಅದು ಒಂದೇ ಸಮನೆ ಸುರಿಯುತ್ತಲೇ ಇರುತ್ತದೆ. ಕಷ್ಟ ಇರುವುದು ಅಲ್ಲೇ. ಒಂದು ಬಕೆಟ್ಟು ಹೋಗಿ ಇನ್ನೊಂದು ಬರುವ ನಡುವೆ ನಾಲ್ಕು ಬೆರಳು ಸಂದು ಇರುತ್ತದೆ. ಆ ಸಂದಿನಲ್ಲಿ ಬೀಜ ಬೀಳುತ್ತದೆ.

ಘಟಕದ ಇಂಜಿನಿಯರು ಪಾಟೀಲ ಸಾಹೇಬರು. ಒಳ್ಳೆಯ ಮನುಷ್ಯ, ಗಡಿಬಿಡಿಯ ಮನುಷ್ಯ. ನಕ್ಷೆ ಬಿಡಿಸಿ ತೋರಿಸಿದರು. ಬೀಜ ಸುರಿಯುವ ಜಾಗದ ಕೆಳಗೆ ಒಂದು ಚೌಕ ಬರೆದಿತ್ತು.

"ಇದೇನ್ರಿ ಸಾಹೇಬ್ರ?"

"ತಗ್ಗು. ಚೆಲ್ಲಿದ್ದು ಅದರಾಗ ಬೀಳತೈತಿ. ಒಬ್ಬಾಕಿನ್ನ ಇಳಿಸಿದ್ರ ಬಳದ ಕೊಡತಾಳ. ಆಗಲೇ ತೊಗೊಂಡೇವಿ, ಅಬಲೂರಾಕಿ ಒಬ್ಬಾಕಿ, ರೇಣುಕಾ ಅಂತ."

ರೇಣುಕಾ ಫಕ್ಕೀರವ್ವನ ಮಗಳು. ಅಬಲೂರಿಗೆ ಮದುವೆಯಾಗಿ ಹೋಗಿದ್ದಳು. ಅವಳಿಗೆ ಕೆಲಸ ಸಿಕ್ಕಿದ್ದನ್ನು ಫಕ್ಕೀರವ್ವ ನನಗೆ ಹೆಮ್ಮೆಯಿಂದ ಹೇಳಿದ್ದಳು. ಏನು ಕೆಲಸವೆಂದು ಅವಳಿಗೂ ತಿಳಿದಿರಲಿಲ್ಲ.

"ತಗ್ಗ ಬ್ಯಾಡ್ರಿ," ಎಂದೆ. "ಚೆಲ್ಲದಂಗ ಮಾಡಿ ಕೊಡತೇನಿ."

"ನೀಲವ್ವಾರ, ಚೆಲ್ಲದ ಮಶಿನ್ ಜಗತ್ತಿನಾಗ ಇಲ್ಲ."

"ಒಂದ ಅವಕಾಶ ಕೊಡ್ರಿ. ಬೊಗಸಿ ಬೀಜಾ ಬಿದ್ರೂ ನೀವು ತಗ್ಗ ತೋಡಸ್ರಿ, ನಾ ಬಾಯಿ ಮುಚಗೊಂಡ ಹೋಗತೇನಿ."

ಅವರು ಒಪ್ಪಿದರು. ದೊಡ್ಡ ಮಾತು ಆಡಿದ್ದೆ, ಕೈಯಲ್ಲಿ ಏನೂ ಇರಲಿಲ್ಲ. ಮುಂದಿನ ಮೂರು ತಿಂಗಳು ನಾನು ಬಕೆಟ್ಟು ಮಾಡಿಸುತ್ತಿದ್ದೆ, ಕಣ್ಣ ಮುಂದೆ ಮಾತ್ರ ಆ ಚೌಕವೇ ಇತ್ತು. ಫಕ್ಕೀರವ್ವನಿಗೆ ತಗ್ಗಿನ ವಿಷಯ ಹೇಳಲಿಲ್ಲ. ಹೇಳಿದರೆ ಮಗಳನ್ನು ಬಿಡಿಸುತ್ತಾಳೆ, ರೇಣುಕಾನ ಜಾಗಕ್ಕೆ ಇನ್ನೊಬ್ಬಳು ಇಳಿಯುತ್ತಾಳೆ. ಅದರಿಂದ ಏನು ಬಂತು?

ವೀಳ್ಯದೆಲೆಯ ಜೋಡಣೆ ನೆನಪಾಯಿತು. ಪ್ರತಿ ಬಕೆಟ್ಟಿನ ಹಿಂಬದಿಗೆ ಅಗಲವಾದ ತುಟಿ ಬೆಸೆಯಿಸಿದೆ. ಮುಂದಿನ ಬಕೆಟ್ಟಿನ ತುಟಿ ಅದರ ಹಿಂದೆ ಬರುವ ಬಕೆಟ್ಟಿನ ಅಂಚಿನ ಮೇಲೆ ಮಲಗಬೇಕು. ಸಂದೇ ಇರುವುದಿಲ್ಲ. ಹನ್ನೆರಡು ಬಕೆಟ್ಟುಗಳನ್ನು ವರ್ಕ್‌ಶಾಪಿನ ನೆಲದ ಮೇಲೆ ಸಾಲಾಗಿ ಇಟ್ಟು, ಮೇಲಿನಿಂದ ಚೀಲ ಸುರಿಸಿದೆ. ಒಂದು ಕಾಳು ಕೆಳಗೆ ಬೀಳಲಿಲ್ಲ. ಚಾಚಾ ಬಕೆಟ್ಟಿನ ಅಂಚುಗಳ ಮೇಲೆ ಬೆರಳಾಡಿಸಿದರು.

"ಚಲೋ ಕುಂತಾವು," ಎಂದರು. ಆಮೇಲೆ, "ಹೊರಳುವಾಗ?" ಎಂದರು.

"ಹೊರಳುವಾಗೇನ್ರಿ? ಇಲ್ಲಿ ಹೆಂಗದಾವೋ ಅಲ್ಲೂ ಹಂಗ ಇರತಾವು."

ಇದೇ ನನ್ನ ತಪ್ಪು. ಎಲೆ ಇಟ್ಟಲ್ಲಿ ಕೂರುತ್ತದೆ, ಬಕೆಟ್ಟು ತಿರುಗುತ್ತದೆ. ಮೂವತ್ತು ವರ್ಷದ ಅನುಭವ ಇಟ್ಟುಕೊಂಡು ನಾನು ಅದನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ ತೃಪ್ತಳಾಗಿದ್ದೆ. ಚಾಚಾ ಕೇಳಿದ ಒಂದು ಮಾತಿಗೆ ನಿಂತು ಯೋಚಿಸಲಿಲ್ಲ. ಹೆದರಿದವರಿಗೆ ಪ್ರಶ್ನೆ ಕೇಳಿಸುವುದಿಲ್ಲ.

ಪರೀಕ್ಷೆಯ ದಿನ ಯಂತ್ರ ಚಾಲೂ ಮಾಡಿದೆವು. ಕೆಳಗಿನ ಸಾಲು ಚೆನ್ನಾಗಿ ತುಂಬಿತು, ಒಂದೂ ಬೀಳಲಿಲ್ಲ. ಪಾಟೀಲ ಸಾಹೇಬರು ಬಗ್ಗಿ ನೋಡಿ ತಲೆಯಾಡಿಸಿದರು. ಬಕೆಟ್ಟುಗಳು ಏರಿದವು. ಮೇಲಿನ ತಿರುವಿನಲ್ಲಿ ಕಟ್ ಎಂದು ಸದ್ದಾಯಿತು. ಮತ್ತೊಂದು, ಮಗದೊಂದು. ಆಮೇಲೆ ಎರಡಾಳು ಎತ್ತರದಿಂದ ಬೀಜ ಮಳೆಯಂತೆ ಸುರಿಯಿತು. ಪಕ್ಕದಲ್ಲಿ ನಿಂತಿದ್ದ ರೇಣುಕಾ ತಲೆಯ ಮೇಲೆ ಮೊರ ಹಿಡಿದುಕೊಂಡು ಓಡಿದಳು. ನಾನು ಕೆಂಪು ಹಿಡಿಕೆ ಎಳೆದೆ.

ಆದದ್ದು ಹೀಗೆ. ತೊಟ್ಟಿಲಿನಂತೆ ತೂಗುವ ಬಕೆಟ್ಟು ತನ್ನ ಮುಖ ಬದಲಿಸುವುದಿಲ್ಲ. ಆದರೆ ಮೇಲೆ ಹೋದ ಮೇಲೆ ಸಾಲು ಹಿಂದಕ್ಕೆ ಸಾಗುತ್ತದೆ. ಕೆಳಗೆ ಹಿಂಬದಿಯಲ್ಲಿದ್ದ ತುಟಿ ಅಲ್ಲಿ ಮುಂಬದಿಗೆ ಬಂತು. ಹಿಂದಿನ ಬಕೆಟ್ಟು ಕೆಳಗಿನಿಂದ ಏರಿ ಬರುವಾಗ ಅದರ ತುಟಿ ಮುಂದಿನದರ ಅಂಚನ್ನು ಹತ್ತಿ ಕೂರಬೇಕಿತ್ತು. ಕೂರದೆ ಅಡಿಯಿಂದ ಗುದ್ದಿತು. ಗುದ್ದಿಸಿಕೊಂಡ ಬಕೆಟ್ಟು ವಾಲಿತು.

ಪಾಟೀಲ ಸಾಹೇಬರು ಬೈಯಲಿಲ್ಲ. "ನಾಳೆಯಿಂದ ತಗ್ಗ ತೋಡಸ್ತೇನ್ರಿ ನೀಲವ್ವಾರ," ಎಂದರು. "ನೀವು ಆ ತುಟಿ ತಗಸಿಬಿಡ್ರಿ. ಚೆಲ್ಲಲಿ. ವಾರದಾಗ ಬೀಜಾ ಬರಾಕ ಶುರುವಾಗತಾವು."

ರೇಣುಕಾ ಮೊರದಲ್ಲಿ ಬೀಜ ಬಳಿಯುತ್ತಿದ್ದವಳು ತಲೆಯೆತ್ತಿ ಕೇಳಿದಳು, "ತಗ್ಗಿನಾಗ ನಾ ಇಳೀಬೇಕೇನ್ರಿ ಸಾಹೇಬ್ರ?"

"ಹೂಂ. ಏಣಿ ಮಾಡಸಿ ಕೊಡತೇವಿ."

ಹಿರೇಕೆರೂರಿನಿಂದ ಶಿಗ್ಗಾವಿಗೆ ಬರುವ ಬಸ್ಸಿನಲ್ಲಿ ನನಗೆ ಕೊನೆಯ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಯಾವ ಮುಖ ಇಟ್ಟುಕೊಂಡು ಫಕ್ಕೀರವ್ವನ ಮುಂದೆ ನಿಲ್ಲಲಿ ಎಂದೇ ಯೋಚನೆ. ಶಿಗ್ಗಾವಿಯ ನಿಲ್ದಾಣಕ್ಕೆ ಬಸ್ಸು ಹೊರಳುವಾಗ ನಾನು ಕುಳಿತ ಹಿಂಬದಿ ಹೊರಕ್ಕೆ ಬೀಸಿತು. ಬಾಳೆಹಣ್ಣಿನ ಗಾಡಿಯವ ಗಾಡಿಯನ್ನು ಎಳೆದುಕೊಂಡು ಒದರಿದ.

"ಏ ಡ್ರೈವರಾ, ನಿನ್ನ ಬಸ್ಸಿನ ಬಾಲಾ ಹಿಡಕೋ!"

ಕಂಡಕ್ಟರು ಕಿಟಕಿಯಿಂದ, "ಹಿಂದಿನ ಗಾಲಿಯಿಂದ ಮಾರುದ್ದ ಹಿಂದಕ್ಕ ಚಾಚೇತಿ. ಹೊರಳುವಾಗ ಬೀಸೂದನಪಾ, ಗಾಡಿ ಸರಿಸಿ ಹಚ್ಚಗೋ," ಎಂದ.

ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ.

"ಯಮ್ಮಾ, ಡಿಪೋಕ ಹೊಂಟಿ ಏನ?" ಎಂದು ಕಂಡಕ್ಟರು ಕೇಳಿದ ಮೇಲೆ ಎದ್ದೆ. ಇಳಿದು, ಆ ಬಸ್ಸು ಮತ್ತೆ ಹೊರಳಿ ಹೋಗುವುದನ್ನು ನಿಂತು ನೋಡಿದೆ. ಮುಂದಿನ ಭಾಗ ಒಳಕ್ಕೆ ತಿರುಗಿದಂತೆ ಬಾಲ ಹೊರಕ್ಕೆ ಬೀಸಿತು, ನೆಟ್ಟಗಾದ ಮೇಲೆ ತಾನೇ ಸಾಲಿಗೆ ಬಂತು. ಅಲ್ಲಿಂದ ನೇರವಾಗಿ ಚಾಚಾನ ಮನೆಗೆ ಹೋದೆ.

"ಚಾಚಾ, ಬಕೆಟ್ ಚೈನಿನ ಕೀಲಿಗೆ ಹಾಕಬಾರದ್ರಿ. ಕೀಲಿನಿಂದ ಒಂದ ಗೇಣ ಹಿಂದಕ್ಕ ಕಬ್ಬಿಣದ ಪಟ್ಟಿ ಚಾಚಿ, ಅದರ ತುದಿಗೆ ಹಾಕಬೇಕು. ಬಸ್ಸಿನ ಬಾಲ ಇದ್ದಂಗ. ತಿರುವಿನಾಗ ಹೊರಗ ಬೀಸತೈತಿ, ಮ್ಯಾಲೆದ್ದು ಸರೀತೈತಿ. ನೆಟ್ಟಗಾಗುವಾಗ ಮ್ಯಾಲಿಂದ ಬಂದ ತುಟಿ ಮಲಗತೈತಿ."

ಚಾಚಾ ಹೆಂಡತಿಯನ್ನು ಕರೆದು ಕಡಲೆಕಾಯಿ ತರಿಸಿದರು. ನೆಲದ ಮೇಲೆ ಒಂದು ದಾರವನ್ನು ತಿರುವಿನಂತೆ ಹಾಸಿ, ಕಾಯಿಗಳನ್ನು ಕಡ್ಡಿಗೆ ಚುಚ್ಚಿ ಬೆರಳಿನಿಂದ ಸರಿಸುತ್ತ ಮುಟ್ಟಿ ಮುಟ್ಟಿ ನೋಡಿದರು. ನಾಲ್ಕು ಸಲ ಮಾಡಿದರು. ಆಮೇಲೆ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು.

"ಕೆಳಗಿನ ತಿರುವಿಗೂ ಕುಂಡರತೈತಿ," ಎಂದರು. "ನಾಕ ದಿನದಾಗ ಅಷ್ಟೂ ಪಟ್ಟಿ ಕೊಯ್ದು ಮುಗಸ್ತೀಯೇನ?"

"ಮುಗಸ್ತೇನ್ರಿ."

"ಈ ಸರ್ತಿ ನೆಲದ ಮ್ಯಾಲ ಇಟ್ಟ ನೋಡಬ್ಯಾಡ. ತಿರುಗಿಸಿ ನೋಡು."

ನಾಲ್ಕು ಬಕೆಟ್ಟುಗಳನ್ನು ಕಟ್ಟಿ, ವರ್ಕ್‌ಶಾಪಿನ ತೊಲೆಗೆ ಚೈನು ಹಾಕಿ, ಕೈಯಿಂದ ಎಳೆದು ತಿರುಗಿಸಿದೆವು. ತುಟಿ ಬಿಟ್ಟಿತು, ಬೀಸಿತು, ಬಂದು ಮಲಗಿತು. ಆದರೂ ನನಗೆ ನಂಬಿಕೆ ಬರಲಿಲ್ಲ. ನಾಲ್ಕು ಬಕೆಟ್ಟು ಕೈಯಲ್ಲಿ ತಿರುಗುವುದು ಬೇರೆ, ಅರವತ್ತು ಬಕೆಟ್ಟು ಬೀಜ ಹೊತ್ತು ತಿರುಗುವುದು ಬೇರೆ.

ಪಾಟೀಲ ಸಾಹೇಬರಿಗೆ ಫೋನು ಮಾಡಿ, ಬೀಜ ಬರುವವರೆಗೆ ಇನ್ನೊಂದು ಅವಕಾಶ ಕೇಳಿಕೊಂಡಿದ್ದೆ. ಐದನೇ ದಿನ ಪಟ್ಟಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಹೋಗುವ ಮುಂಚೆ ದುಂಡಸಿಗೆ ಫೋನು ಮಾಡಿ ಫಕ್ಕೀರವ್ವನಿಗೆ ಎಲ್ಲ ಹೇಳಿದೆ. ತಗ್ಗು, ಚೌಕ, ರೇಣುಕಾ, ನಾನು ಮೂರು ತಿಂಗಳು ಮುಚ್ಚಿಟ್ಟಿದ್ದು. ಅವಳು "ನಾನೂ ಬರ್ತೇನಿ," ಎಂದಳು. ಅಷ್ಟೇ.

ನಾವು ಮುಟ್ಟುವ ಹೊತ್ತಿಗೆ ತಗ್ಗನ್ನು ಸೊಂಟದ ಆಳಕ್ಕೆ ತೋಡಿಯಾಗಿತ್ತು. ಪಕ್ಕದಲ್ಲಿ ಕಬ್ಬಿಣದ ಏಣಿ ಬಂದು ಬಿದ್ದಿತ್ತು. ಫಕ್ಕೀರವ್ವ ತಗ್ಗಿನ ದಂಡೆಯಲ್ಲಿ ನಿಂತು ಒಳಗೆ ನೋಡಿದಳು. ಗಾಲಿಗೂ ಗೋಡೆಗೂ ನಡುವೆ ಎಷ್ಟು ಜಾಗವೆಂದು ಅಳೆಯುತ್ತಿದ್ದಳು, ನನಗೆ ಗೊತ್ತಾಯಿತು. ತನ್ನ ಚೀಲದಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆದು, "ಇದನ್ನ ಹಾಸು, ಗ್ವಾಣಿ ಚೀಲದಾಗ ಕಾಳ ಕಾಣಂಗಿಲ್ಲ," ಎಂದಳು. ತಗ್ಗಿಗೆ ಹಲಗೆ ಮುಚ್ಚಿ ಅದರ ಮೇಲೆ ಆ ಸೀರೆಯನ್ನು ಹಾಸಿದೆವು. ಮೇಲಿನ ತಿರುವಿನ ಕೆಳಗೆ ತಾಡಪತ್ರಿ ಹಾಸಿದೆವು.

ಪಟ್ಟಿ ಜೋಡಿಸಲು ಎರಡು ದಿನ ಹಿಡಿಯಿತು. ಮೂರನೇ ದಿನ ಬೆಳಿಗ್ಗೆ ಚಾಲೂ ಮಾಡಿದರು. ನಾನು ಹಿಡಿಕೆಯ ಹತ್ತಿರ ನಿಂತೆ. ಬಕೆಟ್ಟುಗಳು ತುಂಬಿದವು. ಏರಿದವು. ಮೊದಲನೆಯದು ತಿರುವಿಗೆ ಹೋದಾಗ ನಾನು ಕಣ್ಣು ಮುಚ್ಚಲಿಲ್ಲ, ಕಿವಿಗೊಟ್ಟೆ. ಆ ಕಟ್ ಎಂಬ ಸದ್ದಿಗೆ ಕಾದೆ. ಬರಲಿಲ್ಲ. ಎರಡನೆಯದು, ಹತ್ತನೆಯದು. ಒಂದು ಸುತ್ತು ಮುಗಿದು ಮೊದಲನೆಯದು ಕೆಳಗೆ ಬಂದು ತನ್ನ ತುಟಿ ಹಾಸಿಕೊಂಡು ಬಾಯಿಯ ಕೆಳಗೆ ಸಾಗಿತು. ಒಂದು ತಾಸು ಓಡಿಸಿದರು. ನನ್ನ ಕೈ ಹಿಡಿಕೆಯ ಮೇಲೆಯೇ ಇತ್ತು. ಸಾಹೇಬರು "ಬಿಡ್ರಿ" ಎಂದಾಗ ಬೆರಳು ಬಿಡಿಸಲು ಬರಲಿಲ್ಲ.

ನಿಲ್ಲಿಸಿದ ಮೇಲೆ ಫಕ್ಕೀರವ್ವ ಸೀರೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಮೂರು ಬೆರಳಿನಿಂದ ಒಂದೊಂದೇ ಕಾಳು ಹೆಕ್ಕಿದಳು. ತಾಡಪತ್ರಿಯ ಮೇಲಿನದನ್ನೂ ರೇಣುಕಾ ತಂದು ಕೊಟ್ಟಳು. ಎಲ್ಲ ಸೇರಿ ಹನ್ನೊಂದು ಕಾಳು.

"ಸಾಹೇಬ್ರ, ಕೈ ಹಿಡೀರಿ," ಎಂದು ಅವನ್ನು ಪಾಟೀಲ ಸಾಹೇಬರ ಅಂಗೈಗೆ ಹಾಕಿದಳು. "ಇದಕ್ಕ ನನ್ನ ಮಗಳನ್ನ ತಗ್ಗಿಗೆ ಇಳಸ್ತೀರೇನ, ಇಲ್ಲಾ ಒಂದ ಕೋಳಿ ಸಾಕತೀರೋ?"

ಸಾಹೇಬರು ನಕ್ಕರು. ಆಮೇಲೆ ಅವಳ ಕೈ ನೋಡಿದರು, ನಗು ನಿಂತಿತು. "ತಗ್ಗ ಮುಚ್ಚಿಸ್ರಿ," ಎಂದು ತೋಡಿದವರಿಗೇ ಹೇಳಿದರು. ಮಣ್ಣು ಬೀಳುವವರೆಗೆ ಫಕ್ಕೀರವ್ವ ಅಲ್ಲಿಂದ ಕದಲಲಿಲ್ಲ. ಸೀರೆ ಝಾಡಿಸಿ ಮಡಿಚುತ್ತ, ನನ್ನ ಕಡೆ ನೋಡದೆ, "ರೊಟ್ಟಿ ತಂದೇನಿ, ಬಾ. ಇವತ್ತರ ಕುಂತ ತಿನ್ನು," ಎಂದಳು.

ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಚಾಚಾ ಈಗಿಲ್ಲ. ಎಲ್ಲ ಸರಿಹೋಯಿತೆಂದು ಬರೆದು ಮುಗಿಸಬಹುದಿತ್ತು. ಹೊಸಬರೇ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಚೈನು ಹಿಗ್ಗುತ್ತದೆ, ಕೀಲು ಸವೆಯುತ್ತದೆ, ತುಟಿ ಬಾಗುತ್ತದೆ. ಒಂದು ದಿನ ಬೀಜ ಚೆಲ್ಲುತ್ತದೆ. ಕೀಲು ಬದಲಿಸಲು ಯಂತ್ರ ಎರಡು ದಿನ ನಿಲ್ಲಬೇಕು, ತಗ್ಗು ತೋಡಲು ನಿಲ್ಲಬೇಕಾಗಿಲ್ಲ. ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯುವುದು ತಗ್ಗು. ಪಾಟೀಲ ಸಾಹೇಬರಿಗೂ ವರ್ಗವಾಗಿದೆ. ಅಲ್ಲಿ ತಗ್ಗು ಇತ್ತೆಂದು ಈಗಿನವರಿಗೆ ಗೊತ್ತಿಲ್ಲ.

ಪ್ರತಿ ಸುಗ್ಗಿಗೆ ನಾನು ರೇಣುಕಾಗೆ ಫೋನು ಮಾಡುತ್ತೇನೆ. ಅವಳು ಈಗ ಆ ಯಂತ್ರ ನಡೆಸುವವಳು. ಎಷ್ಟು ಬಿತ್ತು ಎಂದು ಕೇಳುತ್ತೇನೆ. ಮೊದಲ ವರ್ಷ "ಒಂದ ಹಿಡಿ" ಎಂದಳು. ಹೋದ ವರ್ಷ "ಬೊಗಸಿ" ಎಂದಳು. ನಿನ್ನೆ ಮಾಡಿದೆ.

"ಅರ್ಧಾ ಪುಟ್ಟಿ ಬೀಳಾಕತ್ತೈತಿ ಚಿಗವ್ವಾ. ಮ್ಯಾಲಿನ ತಿರುವಿನಾಗ ಸಪ್ಪಳಾನೂ ಬರತೈತಿ. ಹೊಸಾ ಸಾಹೇಬ್ರ ನೆಲಾ ಅಳದ ಹೋದ್ರು."

"ಯಾರ್ನೂ ಏನೂ ತೋಡಗೊಡಬ್ಯಾಡ," ಎಂದೆ. "ನಾ ಬರಾಕತ್ತೇನಿ."

ನನ್ನ ಮನೆಗೆ ಬಂದು ಬಸ್ಸು ತಪ್ಪಿಸಿಕೊಂಡ ವರ್ಕ್‌ಶಾಪಿನ ಆ ಹುಡುಗಿಗೆ ಹೇಳಿ ಕಳಿಸಿದ್ದೇನೆ, ಹೊಸ ಕೀಲುಗಳನ್ನು ಹಿಡಿದುಕೊಂಡು ಅವಳೂ ಬರುತ್ತಾಳೆ. ಪಾನಾ, ಕೆಂಪು ಬಣ್ಣದ ಡಬ್ಬಿ ಚೀಲದಲ್ಲಿದೆ. ಸೀರೆ ಫಕ್ಕೀರವ್ವ ತರುತ್ತಾಳೆ. ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು.